ಅಕ್ರೋಟು ಮರದ ಹಾಲಿನ ಡಬ್ಬಿ

"ಮೇಲೆ ಹೋಗಬಹುದಾ, ಚಾಚಾ?" ಎಂದು ಕೇಳಿದ ಪ್ರವಾಸಿಗಳಿಗೆ ನನ್ನ ಮಾವ ಸಮದ್ ಮಾಗ್ರೇ ಎರಡೇ ಉತ್ತರ ಕೊಡುತ್ತಿದ್ದರು. ಒಂದು, "ಹತ್ತಿ." ಇನ್ನೊಂದು, "ಇವತ್ತು ಆಗಲ್ಲ, ಕುದುರೆಗೆ ಕಾಲುನೋವು."

ಕುದುರೆಗೆ ಯಾವ ಕಾಲುನೋವೂ ಇರುತ್ತಿರಲಿಲ್ಲ. ಅದು ನಮ್ಮೂರು ಕಾಯರ್‌ಹಾಲ್‌ನಲ್ಲಿ ಕುದುರೆ ಹಿಡಿದು ನಿಲ್ಲುವ ನಲವತ್ತು ಮಂದಿಗೂ ಗೊತ್ತಿತ್ತು. ನಮ್ಮೂರಿಂದ ನೀಲಪಥರ್ ಹುಲ್ಲುಗಾವಲಿಗೆ ಏಳು ಕಿಲೋಮೀಟರ್ ಕಾಡುದಾರಿ. ಆ ಕಾಡಿನಲ್ಲಿ ಯಾವ ದಿನ ಯಾರು ಬಂದೂಕು ಹಿಡಿದು ಕೂತಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಗೊತ್ತಿದ್ದವರು ಹೇಳುವುದೂ ಇಲ್ಲ. ಕೇಳಿದವನ ಮೇಲೆ ಕಾಡಿನವರಿಗೆ ಅನುಮಾನ, ಹೇಳಿದವನ ಮೇಲೆ ಸಮವಸ್ತ್ರದವರಿಗೆ ಅನುಮಾನ. ಹಾಗಾಗಿ ಮಾವನ ಕುದುರೆ ಕುಂಟಬೇಕಾಗಿತ್ತು.

"ಏನ್ರೋ, ಸಮದ್ ಕಾಕನ ಕುದುರೆ ಮತ್ತೆ ಕುಂಟ್ತಾ ಇದೆಯಂತೆ!" ಎಂದು ರಮ್ಜಾನ್ ಪರ್ರೇ ಕೂಗುತ್ತಿದ್ದ. "ಅದು ಕುದುರೇನೋ ನನ್ನ ಹೆಂಡ್ತೀನೋ? ಕೆಲ್ಸ ಅಂದ ತಕ್ಷಣ ಕಾಲುನೋವು!"

ಎಲ್ಲರೂ ನಗುತ್ತಿದ್ದರು. ನಕ್ಕಾದ ಮೇಲೆ ರಮ್ಜಾನನೂ ತನ್ನ ಕುದುರೆಯ ಜೀನಿನ ಪಟ್ಟಿ ಸಡಿಲಿಸಿ, ನನ್ನದಕ್ಕೂ ಏನೋ ಆಗಿದೆ ಎಂದು ಗೊಣಗುತ್ತಾ ಮನೆಗೆ ಹೋಗುತ್ತಿದ್ದ. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಆ ದಾರಿಯಲ್ಲಿ ಏನೇನೋ ಆಯಿತು, ಆದರೆ ಮಾವ "ಹತ್ತಿ" ಎಂದ ದಿನ ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ.

ನಾನು ಶ್ರೀನಗರದಲ್ಲಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಇದೆಲ್ಲ ಹುಚ್ಚು ಅನ್ನಿಸಿತು. ನನ್ನ ಗಂಡ ಮುದಸ್ಸಿರ್ ಜಮ್ಮು ದಾರಿಯಲ್ಲಿ ಜೀಪು ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ಮಾವ, ಆಮೇಲೆ ಮಗು ಹಿಬಾ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಸುದ್ದಿ ನೋಡುವುದು ನನ್ನ ಚಾಳಿ. ಎಲ್ಲಿ ಗುಂಡು ಹಾರಿತು, ಯಾವ ರಸ್ತೆ ಮುಚ್ಚಿದೆ, ಯಾವ ದೇಶ ತನ್ನವರಿಗೆ ಇಲ್ಲಿಗೆ ಹೋಗಬೇಡಿ ಅಂದಿದೆ, ಎಲ್ಲ ಓದಿಯೇ ನಮ್ಮ ಕಡೆಯ ಉಪ್ಪಿನ ಚಹಾಕ್ಕೆ ಒಲೆ ಹಚ್ಚುತ್ತಿದ್ದೆ.

"ಅಬ್ಬಾ, ಹೋಗಬಹುದು ಹೋಗಬಾರದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಮಾವನನ್ನು ಕೇಳುತ್ತಿದ್ದೆ.

"ಮೂಗಿಗೆ."

"ಮೂಗಿಗೆ ಏನು ಗೊತ್ತಾಗುತ್ತೆ? ಇಲ್ಲಿ ನೋಡಿ, ಪಕ್ಕದ ಕಣಿವೇಲಿ ನಿನ್ನೆ ಗುಂಡು ಹಾರಿದೆ."

"ನಿನ್ನ ಫೋನಿಗೆ ನಿನ್ನೇದು ಗೊತ್ತು, ಕೂರೀ. ನಂಗೆ ಬೇಕಿರೋದು ಇವತ್ತಿಂದು."

ಕೂರೀ ಅಂದರೆ ನಮ್ಮಲ್ಲಿ ಮಗಳೇ ಎಂದ ಹಾಗೆ. ಸೊಸೆಯನ್ನು ಯಾವತ್ತೂ ಬೇರೆ ಹೆಸರಿನಿಂದ ಕರೆದವರಲ್ಲ. ತಮಾಷೆ ಮಾತ್ರ ಬಿಡುತ್ತಿರಲಿಲ್ಲ. "ನೀನು ಹಾಲಿಗೂ ಥರ್ಮಾಮೀಟರ್ ಇಟ್ಟು ಜ್ವರ ನೋಡೋಳು," ಎನ್ನುತ್ತಿದ್ದರು.

ಹಾಲಿನ ವಿಷಯಕ್ಕೆ ಬರಬೇಕು. ನಮಗೆ ಹಾಲು ಕೊಡುತ್ತಿದ್ದವಳು ಮಖ್ನೀ ಬೀ, ಗುಜ್ಜರ್ ಹೆಂಗಸು. ಬೇಸಿಗೆಯುದ್ದಕ್ಕೂ ಆರು ಎಮ್ಮೆಗಳೊಂದಿಗೆ ನೀಲಪಥರ್‌ನಲ್ಲೇ ಕೋಠಾ ಎಂಬ ಮಣ್ಣಿನ ಗುಡಿಸಲಿನಲ್ಲಿ ಇರುತ್ತಿದ್ದಳು. ಇನ್ನೂ ಮಬ್ಬುಗತ್ತಲಿರುವಾಗಲೇ ಕಾಡುದಾರಿ ಇಳಿದು ಬಂದು, ನಮ್ಮ ಅಂಗಳದ ಅಕ್ರೋಟು ಮರಕ್ಕೆ ಹೊಡೆದ ಮೊಳೆಗೆ ಹಾಲಿನ ಡಬ್ಬಿ ತೂಗುಹಾಕಿ, ಯಾರನ್ನೂ ಕರೆಯದೆ ಮುಂದಿನ ಮನೆಗೆ ಹೋಗುತ್ತಿದ್ದಳು. ಮಾವ ಬೆಳಗಿನ ನಮಾಜು ಮುಗಿಸಿ ಮಸೀದಿಯಿಂದ ಬರುವಾಗ ಆ ಡಬ್ಬಿಯ ಮೇಲೆ ಒಮ್ಮೆ ಅಂಗೈ ಇಟ್ಟು ಒಳಗೆ ಬರುತ್ತಿದ್ದರು. ದಿನಾ ನೋಡುತ್ತಿದ್ದೆ. ಮುದುಕರ ಅಭ್ಯಾಸ ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹಿಬಾಳಿಗೆ ಟೈಫಾಯ್ಡ್ ಆಯಿತು. ಒಂದೂವರೆ ವರ್ಷದ ಮಗು, ಎತ್ತಿಕೊಂಡರೆ ಬಟ್ಟೆ ಗಂಟು ಎತ್ತಿಕೊಂಡ ಹಾಗಿತ್ತು. ಗುಣವಾದ ಮೇಲೂ ಅನ್ನ ಉಗುಳುವಳು, ರೊಟ್ಟಿ ಉಗುಳುವಳು, ಮಖ್ನೀ ಬೀಯ ಎಮ್ಮೆ ಹಾಲೊಂದೇ ಒಳಗೆ ಇಳಿಯುತ್ತಿತ್ತು. ಜೂನ್‌ನಲ್ಲಿ ಎರಡು ದಿನ ಡಬ್ಬಿ ಬರಲಿಲ್ಲ. ಪುಡಿ ಹಾಲು ಕಲಸಿ ಕೊಟ್ಟೆ, ಎಲ್ಲ ವಾಂತಿ ಮಾಡಿದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತುಬಿಟ್ಟೆ. ಅದೇ ಎರಡು ದಿನ ಮಾವನ ಕುದುರೆಗೂ ಕಾಲುನೋವಿತ್ತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ. ಓದಿದ್ದು ಏನಕ್ಕೆ ಬಂತೋ.

ಮೂರನೆಯ ದಿನ ಬೆಳಕು ಹರಿಯುವ ಮುಂಚೆಯೇ ಮಗುವನ್ನು ಎತ್ತಿಕೊಂಡು ಮರದ ಕೆಳಗೆ ನಿಂತಿದ್ದೆ. ಮಖ್ನೀ ಬೀ ಬಂದಳು.

"ಬೀ, ನಿನ್ನ ಕಾಲು ಹಿಡೀತೀನಿ. ಏನೇ ಆಗ್ಲಿ, ಇನ್ಮೇಲೆ ಹಾಲು ತಪ್ಪಿಸ್ಬೇಡ."

"ಏನೇ ಆಗ್ಲಿ ಅಂದ್ರೆ?"

"ಏನೇ ಅಂದ್ರೆ ಏನೇ. ಆಣೆ ಮಾಡು." ಅವಳ ಒರಟು ಕೈ ಹಿಡಿದು ಹಿಬಾಳ ತಲೆಯ ಮೇಲೆ ಇಡಿಸಿದೆ.

"ನೀನು ಪಟ್ಟಣದೋಳು. ನಿಂಗೊತ್ತಿಲ್ಲ," ಎಂದಳು.

"ಏನು ಗೊತ್ತಿಲ್ಲ?"

"ಏನಿಲ್ಲ ಬಿಡು. ನಾನೂ ಐದು ಹೆತ್ತೋಳೇ." ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿ ಮೊಳೆಗೆ ತೂಗುಹಾಕಿ ಹೋದಳು. ಇದನ್ನು ನಾನು ಮಾವನಿಗೆ ಹೇಳಲಿಲ್ಲ. ಇನ್ನೊಂದು ತಮಾಷೆಗೆ ಸಿಕ್ಕಿಕೊಳ್ಳುವುದು ಯಾಕೆ ಅಂತ.

ಜುಲೈಯಲ್ಲಿ ಇಂದೋರಿನಿಂದ ಒಂದು ಕುಟುಂಬ ಬಂದು ನಮ್ಮ ಮಹಡಿಯ ಕೋಣೆಯಲ್ಲಿ ಉಳಿಯಿತು. ಪರಾಗ್ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಹೆಂಡತಿ ತೃಪ್ತಿ, ಆರು ವರ್ಷದ ಮಗಳು ಓವಿ. ಮರುದಿನ ಬೆಳಿಗ್ಗೆ ಡಬ್ಬಿ ಮರದಲ್ಲಿ ತೂಗುತ್ತಿತ್ತು. ಮಾವ ಅಂಗೈ ಇಟ್ಟು ನೋಡಿದರು. ಆವತ್ತು ಸ್ವಲ್ಪ ಹೆಚ್ಚು ಹೊತ್ತೇ ಇಟ್ಟರೇನೋ, ಈಗ ನನಗೆ ಹಾಗನ್ನಿಸುತ್ತದೆ. ಆಮೇಲೆ ಜೀನು ತರಲು ಹೋದರು.

ನಾನು ಹಾಲು ಕಾಯಿಸಲು ಇಟ್ಟೆ. ಉಕ್ಕಿ ಬಂತು, ಆರಿತು, ಕೆನೆ ಕಟ್ಟಲಿಲ್ಲ. ನೀರಿನ ಮೇಲಿನ ಎಣ್ಣೆಯ ಹಾಗೆ ತೆಳ್ಳಗೆ ಹಳದಿ ಪೊರೆ. ಇದು ಎಮ್ಮೆಯ ಹಾಲಲ್ಲ, ಹಸುವಿನದು. ಕೈಯಲ್ಲಿ ಸೌಟು ಹಿಡಿದುಕೊಂಡು ಅಷ್ಟನ್ನು ಯೋಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಹಿಬಾ ಕುಡಿದಳು. ಬಟ್ಟಲು ಖಾಲಿ ಮಾಡಿ ಇನ್ನೂ ಬೇಕೆಂದು ಬಾಯಿ ತೆರೆದಳು. ಯಾವ ದನದ್ದಾದರೇನು ಎಂದುಕೊಂಡೆ.

ಅಷ್ಟರಲ್ಲಿ ತೃಪ್ತಿ ಒಳಗೆ ಬಂದಳು. ಬೆಚ್ಚನೆಯ ಟೋಪಿ ಹಾಕಿಕೊಂಡು ತಯಾರಾಗಿದ್ದಳು, ಮುಖದಲ್ಲಿ ಮಾತ್ರ ಉತ್ಸಾಹವಿರಲಿಲ್ಲ.

"ಭಾಭೀ, ನಿಜ ಹೇಳಿ. ನೀವೂ ತಾಯಿ. ನಿಮ್ಮ ತಮ್ಮನೇ ಆಗಿದ್ರೆ ಇವತ್ತು ಮೇಲೆ ಕಳಿಸ್ತಿದ್ರಾ? ನಮ್ಮತ್ತೆ ಫೋನ್ ಮಾಡಿ ಒಂದೇ ಸಮ ಬೈತಿದ್ದಾರೆ, ಸಾಯೋಕೆ ಹೋಗಿದೀರಾ ಅಂತ."

ಮಾವನ ಮೂಗನ್ನು ಒಂದು ದಿನವೂ ನಂಬದಿದ್ದ ನಾನು ಹೇಳಿದೆ: "ಅಬ್ಬಾ ಹತ್ತಿ ಅಂದ್ರೆ ಹತ್ತಬಹುದು, ದೀದಿ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ."

ಮಗು ಹೊಟ್ಟೆ ತುಂಬಾ ಕುಡಿದ ಬೆಳಿಗ್ಗೆ ಅದು. ನನಗೆ ಲೋಕವೆಲ್ಲ ಚೆನ್ನಾಗಿ ಕಾಣುತ್ತಿತ್ತು.

ಓವಿಗೆ ಕೆಮ್ಮಿತ್ತು. ಗಾಳಿಗೆ ಬೇಡ, ನನ್ನ ಹತ್ತಿರ ಬಿಡಿ ಅಂದೆ. ಗಂಡಹೆಂಡತಿ ನಮ್ಮ ಎರಡೂ ಕುದುರೆ ಹತ್ತಿ ಹೊರಟರು. ಮಾವ ಮುಂದೆ ಲಗಾಮು ಹಿಡಿದು ನಡೆಯುತ್ತಿದ್ದರು. ಮಾವ ಹೊರಟಿದ್ದನ್ನು ನೋಡಿ ರಮ್ಜಾನನೂ ಗಿರಾಕಿಗಳನ್ನು ಕೂಗತೊಡಗಿದ.

ಹತ್ತು ಗಂಟೆಯ ಹೊತ್ತಿಗೆ ಹಿಬಾಳ ಬಟ್ಟೆ ಒಗೆಯುತ್ತಿದ್ದೆ. ಓವಿ ಪಕ್ಕದಲ್ಲಿ ಕೂತು ಸೋಪಿನ ಗುಳ್ಳೆ ಊದುತ್ತಿದ್ದಳು. ಮೇಲಿನ ಕಾಡಿನಿಂದ ಸದ್ದು ಬಂತು. ಮೊದಲು ಬಿಡಿಬಿಡಿ, ಆಮೇಲೆ ಒಟ್ಟಿಗೆ.

"ಆಂಟೀ, ಪಟಾಕಿನಾ?"

"ಹೌದಮ್ಮಾ," ಎಂದೆ. "ಯಾರದೋ ಮದುವೆ." ಸೋಪಿನ ನೀರಿನಲ್ಲಿ ನನ್ನ ಎರಡೂ ಕೈ ಮುಳುಗಿದ್ದವು. ಒಗೆದಾಗಿದ್ದ ಅಂಗಿಯನ್ನೇ ಮತ್ತೆ ಉಜ್ಜತೊಡಗಿದೆ.

ಕಾಡುದಾರಿಯ ತಿರುವಿನಲ್ಲಿ ಕಾವಲು ತಿರುಗುತ್ತಿದ್ದ ಪಡೆಯ ಮೇಲೆ ಯಾರೋ ಮೇಲಿನಿಂದ ಗುಂಡು ಹಾರಿಸಿದ್ದರು. ನಮ್ಮವರು ಸರಿಯಾಗಿ ನಡುವೆ ಸಿಕ್ಕಿಕೊಂಡರು. ಒಂದು ಕುದುರೆ ಅಲ್ಲೇ ಬಿತ್ತು, ಇನ್ನೊಂದು ಬೆದರಿ ಓಡಿತು. ಪರಾಗ್‌ನ ಮೊಣಕಾಲಿಗೆ ಗುಂಡು ಬಿತ್ತು. ಅರವತ್ತು ದಾಟಿದ ನನ್ನ ಮಾವ ತನ್ನ ರುಮಾಲು ಬಿಚ್ಚಿ ಕಾಲು ಬಿಗಿದು, ಅವನನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಕಿಲೋಮೀಟರ್ ಇಳಿದರು. ತೃಪ್ತಿ ಮಾವನ ಫೆರನ್ ನಿಲುವಂಗಿಯ ಅಂಚು ಹಿಡಿದುಕೊಂಡು ಹಿಂದೆ ಓಡಿ ಬಂದಳು. ನಮ್ಮ ಅಂಗಳಕ್ಕೆ ಬಂದಾಗ ಮಾವನ ಬೆನ್ನಿನ ಬಟ್ಟೆಯೆಲ್ಲ ಒದ್ದೆಯಾಗಿ ಕಪ್ಪಾಗಿತ್ತು. ಅವರದೇ ರಕ್ತ ಎಂದುಕೊಂಡು ನಾನು ಕಿರುಚಿದೆ.

ಶ್ರೀನಗರದ ಆಸ್ಪತ್ರೆಯಲ್ಲಿ ಪರಾಗ್‌ನ ಜೀವ ಉಳಿಯಿತು. ಕಾಲು ಉಳಿಯಲಿಲ್ಲ.

ಪೊಲೀಸರು ಮಾವನನ್ನು ಮೂರು ದಿನ ವಿಚಾರಣೆಗೆ ಇಟ್ಟುಕೊಂಡರು. ಹೊತ್ತು ತಂದವರೇ ಇವರು ಎಂದು ತೃಪ್ತಿ ಆಸ್ಪತ್ರೆಯಿಂದ ಹೇಳಿಕೆ ಬರೆದು ಕೊಟ್ಟ ಮೇಲೆ ಮನೆಗೆ ಬಂದರು. ಕುದುರೆ ನಿಲ್ಲಿಸುವ ಜಾಗಕ್ಕೆ ಹೋದರೆ ರಮ್ಜಾನ್ ಎದ್ದು ನಿಂತು ಕೂರಲು ಜಾಗ ಬಿಟ್ಟ. ತಮಾಷೆ ಮಾಡಲಿಲ್ಲ. ಅವತ್ತೇ ಮಾವ ಬೇಗ ಮನೆಗೆ ಬಂದುಬಿಟ್ಟರು. "ರಮ್ಜಾನ್ ನಂಗೆ ಗೌರವ ಕೊಡ್ತಾನೆ, ಕೂರೀ," ಎಂದರು. "ಮುಗೀತು ನನ್ನ ಕಥೆ."

ಹತ್ತು ದಿನದ ಮೇಲೆ ಮಧ್ಯಾಹ್ನ ಮಖ್ನೀ ಬೀ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತಳು.

"ಗುಂಡು ಹಾರೋ ಹಿಂದಿನ ದಿನ ಬಂದೂಕಿನವರು ನಾಲ್ಕು ಜನ ಕೋಠಾಕ್ಕೆ ಬಂದು ರೊಟ್ಟಿ ಕೇಳಿದ್ರು. ಕೊಟ್ಟೆ. ಕೊಡಲ್ಲ ಅಂತ ಹೇಳೋಕಾಗುತ್ತಾ? ಅವರು ಎದ್ದು ಹೋದ ಕೂಡ್ಲೆ ಎಮ್ಮೆ ಹೊಡ್ಕೊಂಡು ಕೆಳಗಿಳಿದು ತಂಗಿ ಮನೆ ಸೇರ್ಕೊಂಡೆ. ಹೆದರಿಕೆಗೆ ಎಮ್ಮೆಗಳು ಹಾಲೇ ಇಳಿಸ್ಲಿಲ್ಲ."

"ಮತ್ತೆ ಆ ಹಾಲು?"

"ತಂಗಿ ಹಸೂದು. ಡಬ್ಬಿ ಹಾಕ್ಲೇಬಾರ್ದಿತ್ತು ಕಣೇ. ಡಬ್ಬಿ ಇಲ್ದಿದ್ರೆ ಸಮದ್ ಕಾಕ ಕುದುರೆ ಕಟ್ಹಾಕ್ತಾನೆ. ಇಷ್ಟು ವರ್ಷ ಹಂಗೇ ತಾನೆ ನಡ್ಕೊಂಡು ಬಂದಿದ್ದು, ನಾವಿಬ್ರೂ ಒಂದು ಮಾತೂ ಆಡ್ದೆ. ಆದ್ರೆ ಮಗು ತಲೆ ಮೇಲೆ ಕೈ ಇಡಿಸಿದ್ದೆ ನೀನು. ಆಣೆ ಮುರಿದು ಆ ಮಗುಗೆ ಏನಾದ್ರೂ ಆದ್ರೆ ಅಂತ... ಅವರು ಆಚೆ ಗುಡ್ಡಕ್ಕೆ ದಾಟಿರ್ತಾರೆ ಅಂತ ಮನಸ್ಸಿಗೆ ಹೇಳ್ಕೊಂಡೆ."

ಚಹಾ ಕೊಟ್ಟೆ. ಕುಡಿಯದೆ ಎದ್ದು ಹೋದಳು. ಆಮೇಲೆ ನಮ್ಮ ಮನೆಗೆ ಅವಳು ಹಾಲು ಹಾಕಲಿಲ್ಲ, ನಾನೂ ಕೇಳಲಿಲ್ಲ.

ಮಾವನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಓಡಿಹೋಗಿ ಮರಳಿ ಬಂದಿದ್ದ ಕುದುರೆಯ ಮೈ ಉಜ್ಜುತ್ತಿದ್ದರು. ಆಣೆ ಇಡಿಸಿದ್ದು, ಕೆನೆ ಕಟ್ಟದ್ದು, ತೃಪ್ತಿಗೆ ನಾನು ಹೇಳಿದ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. "ನಾನು ಬಾಯಿಬಿಟ್ಟಿದ್ರೆ ನೀವು ಹೋಗ್ತಿರಲಿಲ್ಲ ಅಬ್ಬಾ. ಹಾಲು ತೆಳ್ಳಗಿದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ಕುದುರೆಯ ಆಚೆ ಬದಿಗೆ ಹೋದರು, ಮುಖ ಕಾಣಿಸಲಿಲ್ಲ.

"ಡಬ್ಬಿ ಬೆಚ್ಚಗಿತ್ತು," ಎಂದರು. "ಮೇಲಿಂದ ಬರೋ ಹಾಲು ಎರಡು ತಾಸು ಚಳೀಲಿ ಬರುತ್ತೆ, ಕಲ್ಲು ಮುಟ್ಟಿದಂಗಿರುತ್ತೆ. ಅವತ್ತು ಬೆಚ್ಚಗಿತ್ತು. ನನ್ನ ಕೈಗೆ ಗೊತ್ತಾಗಿತ್ತು, ಕೂರೀ. ಆ ಮೇಷ್ಟ್ರು ಮೆಟ್ಟಿಲ ಮೇಲೆ ಕ್ಯಾಮೆರಾ ಹಿಡ್ಕೊಂಡು ಮಗು ಥರ ನಗ್ತಾ ನಿಂತಿದ್ದ. ಬೇಸಿಗೆ ಜೋರಾಗಿದೆ, ಅದಕ್ಕೇ ಇರಬೇಕು ಅಂತ ಅಂದ್ಕೊಂಡೆ."

ನಾನು ಅಳತೊಡಗಿದೆ. ಅವರು ಆ ಬದಿಯಿಂದಲೇ ಕೇಳಿದರು: "ಹಿಬಾ ಹೊಟ್ಟೆ ತುಂಬಾ ಕುಡಿದಿದ್ಲಾ ಅವತ್ತು?"

"ಹೂಂ."

"ಅದೊಂದಾದ್ರೂ ಆಯ್ತಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲಕ್ಕೆ ಮುಂಚೆ ಉಳಿದ ಕುದುರೆಯನ್ನೂ ರಮ್ಜಾನನಿಗೆ ಕೊಟ್ಟುಬಿಟ್ಟರು. ಈಗ ಮೂರು ವರ್ಷವಾಯಿತು. ನಮ್ಮ ಮನೆಗೆ ಅಂಗಡಿಯ ಪ್ಯಾಕೆಟ್ ಹಾಲು ಬರುತ್ತದೆ. ಹಿಬಾ ಈಗ ಏನು ಕೊಟ್ಟರೂ ತಿನ್ನುತ್ತಾಳೆ. ಮಾವ ನಮಾಜಿನಿಂದ ಬರುವಾಗ ಮರದ ಬಳಿ ಈಗಲೂ ಒಂದು ಗಳಿಗೆ ನಿಲ್ಲುತ್ತಾರೆ. ಆದರೆ ಕೈಗಳು ಫೆರನ್ನಿನ ಒಳಗೇ ಇರುತ್ತವೆ.

ಕಳೆದ ತಿಂಗಳು ತೃಪ್ತಿ ಫೋನ್ ಮಾಡಿದಳು. ಈದ್‌ಗೆ ಪ್ರತಿ ವರ್ಷ ಮಾಡುತ್ತಾಳೆ. ಪರಾಗ್ ಕೃತಕ ಕಾಲು ಹಾಕಿಕೊಂಡು ಶಾಲೆಗೆ ಹೋಗುತ್ತಾನಂತೆ. ಮಕ್ಕಳು "ಸರ್ ಬರ್ತಾ ಇದ್ದಾರೆ ಅಂತ ಸದ್ದಲ್ಲೇ ಗೊತ್ತಾಗುತ್ತೆ, ನಕಲು ಮಾಡೋಕೇ ಆಗಲ್ಲ" ಎಂದು ನಗುತ್ತಾರಂತೆ. ಈ ಸಲ ಅವಳಿಗೆ ಒಂದು ವಿಷಯ ಕೇಳುವುದಿತ್ತು.

"ನಮ್ಮಣ್ಣ ಹೆಂಡ್ತಿ ಮಕ್ಕಳ ಜೊತೆ ಜೂನ್‌ನಲ್ಲಿ ಬರ್ಬೇಕು ಅಂತಿದ್ದಾನೆ. ಟೀವೀಲಿ ಎಲ್ಲಾ ಶಾಂತವಾಗಿದೆ ಅಂತಾರೆ. ನಂಗೆ ಟೀವಿ ಬೇಡ, ಭಾಭೀ. ಚಾಚಾ ಹೂಂ ಅಂದ್ರೆ ಟಿಕೆಟ್ ತಗೋತಾನೆ, ಉಹುಂ ಅಂದ್ರೆ ಇಲ್ಲ."

ಮಾವನ ಮಾತು ನಂಬಿ ಗಂಡ ಕಾಲು ಕಳೆದುಕೊಂಡರೂ ಅವಳು ಇನ್ನೂ ಅವರ ಮಾತನ್ನೇ ಕಾಯುತ್ತಿದ್ದಾಳೆ. ಹಾಲಿನ ಕಥೆಯನ್ನು ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಫೋನನ್ನು ಮಾವನ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ಎಲ್ಲ ಕೇಳಿಸಿತ್ತು.

"ಕುದುರೆಗೆ ಕಾಲುನೋವು ಅನ್ನು," ಎಂದರು ಮೆಲ್ಲಗೆ.

ಹಾಗೇ ಹೇಳಿದೆ.

"ಅಯ್ಯೋ ಪಾಪ!" ಎಂದಳು ತೃಪ್ತಿ. ಆ ಮಾತಿನ ಅರ್ಥ ಅವಳಿಗೆ ಹೇಗೆ ಗೊತ್ತಿರಬೇಕು? ಅವಳು ಬಂದಿದ್ದ ದಿನ ಮಾವ ಅದನ್ನು ಹೇಳಿರಲಿಲ್ಲವಲ್ಲ. "ಯಾವಾಗ ವಾಸಿ ಆಗುತ್ತಂತೆ? ನಮ್ಮಣ್ಣ ಬೇಕಾದ್ರೆ ಒಂದೆರಡು ವಾರ ತಡವಾಗಿ ಬರ್ತಾನೆ."

ನಾನು ಮಾವನ ಕಡೆ ತಿರುಗಿದೆ. ಅವರು ಆಗಲೇ ಅಂಗಳ ದಾಟಿ ಹೋಗಿದ್ದರು.

"ಗೊತ್ತಿಲ್ಲ, ದೀದಿ," ಎಂದೆ.