ಸುರಂಗದೊಳಗೆ ಕರೆದೊಯ್ದ ನೆಂಟ

ಸುಳ್ಯದ ಕಡೆ ಟಂಗ್‌ಸ್ಟನ್ ಹುಡುಕುತ್ತಿದ್ದಾರೆಂದು ಪೇಪರಿನಲ್ಲಿ ಓದಿದಾಗ, ಅದು ಬಲ್ಬಿನೊಳಗಿನ ತಂತಿ ಎಂದಷ್ಟೇ ನನಗೆ ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ಹುಡುಕುವವನೇ ನಮ್ಮ ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುತ್ತಿದ್ದ. ಕಲ್ಲಿನ ವಿದ್ಯೆ ಕಲಿತ, ನಗುಮುಖದ ಮನುಷ್ಯ. ಹತ್ತು ದಿನ ನಮ್ಮಲ್ಲೇ ಉಂಡ. ನನ್ನ ಹಳೇ ಕಥೆಗಳಿಗೆ ಅವನಷ್ಟು ನಕ್ಕವರಿಲ್ಲ. ನಾನು ಸೋತದ್ದು ಅಲ್ಲಿಯೇ.

"ಗುಡ್ಡದ ಒಳಗೆ ಏನಿದೆ ಅಂತ ನೋಡೋಕೆ ಕೊರೀಬೇಕು ಸಾರ್," ಎಂದ ಒಂದು ದಿನ.

"ಕೊರೆಯುದು ಎಂತಕ್ಕೆ? ನಮ್ಮ ಸುರಂಗ ಉಂಟಲ್ಲ!" ಎಂದುಬಿಟ್ಟೆ.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗ ಅದು. ನನ್ನ ಅಪ್ಪನೂ ಕೆಳಮನೆಯ ಬ್ಯಾರಿ ಗೆಳೆಯನ ಅಪ್ಪನೂ ಸೇರಿ ತೋಡಿದ್ದು. ಎರಡು ಮನೆಗೂ ಅದೇ ನೀರು. ಹೊರಗಿನವರು ಒಳಗೆ ಕಾಲಿಡಬೇಕಾದರೆ ಎರಡೂ ಮನೆ ಒಪ್ಪಬೇಕೆಂದು ಹಿರಿಯರು ಮಾತು ಮಾಡಿಕೊಂಡಿದ್ದರು. ಗೆಳೆಯ ಅಂದು ಪುತ್ತೂರಿಗೆ ಹೋಗಿದ್ದ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ನೀರಿನಲ್ಲಿ ಬಗ್ಗಿಕೊಂಡು ಹೋದೆವು. ತುದಿಯಲ್ಲಿ ಕೆಂಪು ಮುರಕಲ್ಲು ಮುಗಿದು ಬಿಳಿಕಲ್ಲಿನ ಪಟ್ಟೆ ಇತ್ತು. ಅವನು ಟಾರ್ಚು ಆರಿಸಿ ಅದಿರು ಗುರುತಿಸುವ ಬೇರೊಂದು ಪುಟ್ಟ ನೇರಳೆ ದೀಪ ಹಿಡಿದ. ಕಲ್ಲಿನ ತುಂಬ ನೀಲಿ ಚುಕ್ಕಿಗಳು ಹೊಳೆದವು. ಹುಟ್ಟಿದಾಗಿನಿಂದ ಕುಡಿದ ನೀರಿನ ಹಿಂದೆ ಇಷ್ಟು ಚಂದ ಇತ್ತೇ ಎಂದು ಬೆರಗಾದೆ.

"ಇದೇಯಾ ಆ ಟಂಗ್‌ಸ್ಟನ್?" ಎಂದೆ.

"ಅಯ್ಯೋ, ಇದು ಎಲ್ಲ ಕಡೆ ಇರುತ್ತೆ ಸಾರ್. ಇಲ್ಲೇನೂ ಸಿಗಲ್ಲ, ಆರಾಮಾಗಿರಿ," ಎಂದು ಒಂದು ಚೂರನ್ನು ಕಿಸೆಗೆ ಹಾಕಿಕೊಂಡ.

ಮುಂದಿನ ತಿಂಗಳು ಪಂಚಾಯತಿನ ಗೋಡೆಗೆ ನಕ್ಷೆ ಬಂತು. ಮೊದಲ ಕೊಳವೆ ಕೊರೆಯುವ ಗುರುತು ನಮ್ಮ ಸುರಂಗದ ನೆತ್ತಿಯ ಮೇಲೆಯೇ ಇತ್ತು. "ಜಾಗದವರೇ ಒಳಗೆ ಕರೆದು ತೋರಿಸಿದ್ದಾರೆ, ವಿರೋಧ ಇಲ್ಲ," ಎಂದು ಅಲ್ಲಿ ಕರೆದ ಊರ ಸಭೆಯಲ್ಲಿ ಅವನು ಓದಿ ಹೇಳಿದ. ನನ್ನ ಕಡೆ ನೋಡಲಿಲ್ಲ.

"ಊಟಕ್ಕೆ ಕರ್ದದ್ದಾ, ಗುಡ್ಡ ಬಡಿಸ್ಲಿಕ್ಕೆ ಕರ್ದದ್ದಾ ಮಾರಾಯ್ರೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಹೊರಗೆ ಅವನನ್ನು ತಡೆದೆ. "ಏನೂ ಇಲ್ಲ ಅಂದದ್ದಲ್ವಾ ನೀವು?"

"ಇದು ಬರೀ ಪರಿಶೋಧನೆ ಸಾರ್, ಗಣಿ ಅಲ್ಲ."

"ತೂತು ಬಿದ್ರೆ ನಮ್ಮ ನೀರು ಎಲ್ಲಿಗೆ ಹೋಗುದು?"

ಅವನು ಜೀಪು ಹತ್ತಿದ.

ಸಭೆಗೆ ಬಂದಿದ್ದ ಗೆಳೆಯನ ಜೊತೆ ಮನೆ ಕಡೆ ಹೊರಟೆ. ನಾನು ಜೀಪಿನವನನ್ನು ಬೈಯುತ್ತಲೇ ಬಂದೆ. ದಾರಿ ಕವಲೊಡೆಯುವಲ್ಲಿ ಗೆಳೆಯ ನಿಂತ.

"ಅವ ಹೊರಗಿನವ, ಸುಳ್ಳು ಹೇಳಿದ. ನೀನು ನಂಗೆ ಯಾಕೆ ಹೇಳ್ಲಿಲ್ಲ?"

ಮಾತಿನ ಮಲ್ಲನೆಂದು ಊರಿಡೀ ಹೆಸರಿದ್ದ ನಾನು ಮತ್ತೆ ಜೀಪಿನವನನ್ನೇ ಬೈಯಲು ಶುರುಮಾಡಿದೆ.

ಎರಡು ದಿನ ಬಿಟ್ಟು ಗೆಳೆಯ ಸುರಂಗದ ಬಾಯಿಗೆ ಕಬ್ಬಿಣದ ಗೇಟು ಕೂರಿಸಿ ಬೀಗ ಹಾಕಿದ. ನೀರು ಮೊದಲಿನಂತೆಯೇ ನಮ್ಮ ತೊಟ್ಟಿಗೆ ಬರುತ್ತಿದೆ. ಕೀಲಿಕೈ ಕೊಡು ಎಂದು ಕೇಳುವ ಮುಖ ನನಗಿಲ್ಲ.