ಹಸಿ ಕೂದಲಿನ ವಾಸನೆ

“ಮಾಮ್, ಸ್ಕಂಕ್ ಸ್ಮೆಲ್!” ಎಂದು ಪುಟ್ಟ ಹುಡುಗಿಯೊಬ್ಬಳು ನನ್ನತ್ತ ಬೆರಳು ತೋರಿಸಿದಾಗ, ಕಾರ್ಮೆಲ್ ವ್ಯಾಲಿಯ ಆ ಗೃಹಪ್ರವೇಶಕ್ಕೆ ಬಂದವರೆಲ್ಲ ನನ್ನ ಕಡೆ ತಿರುಗಿದರು. ಹಿಂದಿನ ದಿನ ನಮ್ಮ ಹಿತ್ತಲಿನಲ್ಲಿ ಸ್ಕಂಕ್ ಎಂಬ ಆ ಕಪ್ಪು-ಬಿಳುಪು ಪ್ರಾಣಿ ನನ್ನ ಮೇಲೆ ಗಬ್ಬು ದ್ರವ ಚಿಮ್ಮಿಸಿತ್ತು. ಶಾಂಪೂ ಹಾಕಿ ತಿಕ್ಕಿದ್ದೆ. ವಾಸನೆ ಹೋಯಿತೆಂದೇ ನಂಬಿ, ಬೆಳಿಗ್ಗೆ ಮತ್ತೆ ತಲೆಗೆ ಸ್ನಾನ ಮಾಡಿ ಹಸಿ ಕೂದಲಲ್ಲೇ ಬಂದಿದ್ದೆ. ಮುಖವೆತ್ತಲಾಗದೆ ಬಾಗಿಲ ಕಡೆ ಹೊರಟೆ. ಧಾರವಾಡದವರಾದ ಮನೆಯೊಡತಿಯ ತಾಯಿ ಕೈ ಹಿಡಿದರು.

“ಎಲ್ಲಿ ಹೊಂಟೀಯವ್ವಾ? ನಮ್ಮ ನಾಯಿಗೂ ಹಿಂಗ ಆಗಿತ್ತು. ಅದು ಗಂಧಕದ ಎಣ್ಣಿ ಇದ್ದಂಗ, ಕೂದಲಿಗೆ ಅಂಟಿರ್ತದ. ನೀರು ಬಿದ್ದರ ಮತ್ತ ನಾರ್ತದ. ಬಾ, ನನ್ನ ಬಾಜೂ ಕುಂದ್ರು.”

ಅವರ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡೇ ಉಂಡೆ. ಇಂದಿಗೂ ಯಾರ ಮನೆಗಾದರೂ ಹೊರಡುವ ಮುನ್ನ ಕೂದಲು ಮೂಸಿ ನೋಡಲು ಗಂಡನಿಗೆ ಹೇಳುತ್ತೇನೆ. ನನ್ನ ಮೂಗಿನ ಮೇಲೆ ನನಗೆ ನಂಬಿಕೆಯಿಲ್ಲ.