ಜಿಪ್ಪಣ್ಣನವರ ನೀಲಿ ಪೆಟ್ಟಿಗೆಗಳು

ಜಿಪ್ಪಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಸೂಟ್‌ಕೇಸಿನ ಕಿತ್ತುಹೋದ ಜಿಪ್ಪು, ಮುರಿದ ಚಕ್ರ, ಎಳೆದರೆ ಕೈಗೇ ಬಂದುಬಿಡುವ ಹಿಡಿಕೆ, ಇವನ್ನೆಲ್ಲ ಸರಿಮಾಡುವುದು ಅವರ ಕಸುಬು. ಅಂಗಡಿಯೆಂದರೆ ಬಾಗಿಲಿನಷ್ಟೇ ಅಗಲದ ಒಂದು ಕೋಣೆ. ಪೆಟ್ಟಿಗೆಗಳು ಸೂರಿನವರೆಗೂ ಏರಿ ಕೂತು ಉಳಿದ ಜಾಗದಲ್ಲಿ ಜಿಪ್ಪಣ್ಣನವರು ಮಡಿಸಿಟ್ಟ ಹಾಗೆ ಕೂರುತ್ತಾರೆ.

ಅವರ ಕೆಲಸಕ್ಕೊಂದು ಕ್ರಮವಿದೆ. ರಿಪೇರಿಯಾದ ಪೆಟ್ಟಿಗೆಯನ್ನು ಹಾಗೇ ಗಿರಾಕಿಗೆ ಕೊಡುವವರಲ್ಲ. ಒಳಗೆ ಇಟ್ಟಿಗೆ, ಹಳೇ ಬೀಗ, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ತುಂಬಿ, ವಿಮಾನದವರು ಒಪ್ಪುವಷ್ಟೇ ತೂಕಕ್ಕೆ ಸರಿಯಾಗಿ ತೂಗಿ, ಬೀದಿಯ ಕಲ್ಲುಹಾಸಿನ ಮೇಲೆ ಮೂಲೆಯ ಔಷಧಿ ಅಂಗಡಿಯವರೆಗೆ ಗಡಗಡನೆ ಎಳೆದುಕೊಂಡು ಹೋಗಿ ವಾಪಸ್ ಬರುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ನೋಡಿ, ಪಾಪ, ಹೆಂಡತಿಯ ಜೊತೆ ಜಗಳವಾಡಿ ದಿನಾ ಮನೆ ಬಿಟ್ಟು ಹೋಗುವ ಮನುಷ್ಯ, ಮೂಲೆ ತಲುಪುವಷ್ಟರಲ್ಲಿ ಸಿಟ್ಟು ಇಳಿಯುತ್ತದೆ ಎಂದುಕೊಳ್ಳುವುದುಂಟು.

ಊರಿನವರ ಪೆಟ್ಟಿಗೆಗಳನ್ನೆಲ್ಲ ದೇಶ ದೇಶಕ್ಕೆ ಕಳಿಸಿದ ಜಿಪ್ಪಣ್ಣನವರು ತಾವು ಮಾತ್ರ ಔಷಧಿ ಅಂಗಡಿ ದಾಟಿದವರಲ್ಲ. ಅದಕ್ಕೆ ಕಾರಣವಿತ್ತು. ಸುಖವಾಗಿ ಹೋಗಿ ಬಂದ ಪೆಟ್ಟಿಗೆ ರಿಪೇರಿಗೆ ಯಾಕೆ ಬರುತ್ತದೆ? ಅವರ ಮುಂದೆ ಬಂದು ಬೀಳುವುದೆಲ್ಲ ಕೈಕಾಲು ಮುರಿದುಕೊಂಡವೇ. ಆದ್ದರಿಂದ ವಿದೇಶ ಪ್ರಯಾಣವೆಂದರೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಚೂರುಚೂರಾಗಿ ತಲುಪುವ ವ್ಯವಹಾರ ಎಂದು ಅವರು ನಂಬಿದ್ದರು.

ತೊಂದರೆಯೇನೆಂದರೆ, ಅವರ ಹೆಂಡತಿಯ ಅಕ್ಕ ಇದ್ದದ್ದು ಸಮುದ್ರದ ಆಚೆ. ಮದುವೆಯಾಗಿ ಹೋದವರು ಅಲ್ಲೇ ಬೇರುಬಿಟ್ಟು, ಈಚೆಗೆ ಮಂಡಿನೋವಿನಿಂದ ಮನೆಯ ಮೆಟ್ಟಿಲನ್ನೂ ಇಳಿಯಲಾರದೆ ಕೂತಿದ್ದರು. ತಂಗಿ ಒಂದು ರಜೆಗಾದರೂ ಹೋಗಿ ನೋಡಿ ಬರಬೇಕೆಂದು ಮೂರು ಸಲ ಸಿದ್ಧತೆ ಮಾಡಿಕೊಂಡಿದ್ದಳು. ಒಂದು ಸಲ, ತಕ್ಕ ಪೆಟ್ಟಿಗೆ ಇಲ್ಲವೆಂದು ಜಿಪ್ಪಣ್ಣನವರು ನಿಲ್ಲಿಸಿದರು. ಇನ್ನೊಂದು ಸಲ, ಊರೆಲ್ಲ ಪ್ರವಾಸ ಹೊರಡುವ ಕಾಲದಲ್ಲಿ ಅಂಗಡಿ ಮುಚ್ಚುವುದು ಹೇಗೆ ಎಂದರು. ಮೂರನೆಯ ಸಲ ಏನು ಹೇಳಿದರೆಂದು ಅವರಿಗೂ ನೆನಪಿಲ್ಲ. ಹೆಂಡತಿಗೆ ನೆನಪಿದೆ, ಅವಳು ಹೇಳುವುದಿಲ್ಲ. ಪ್ರತಿ ಸಲವೂ ಅವರ ಕೊನೆಯ ಮಾತು ಮಾತ್ರ ಒಂದೇ: "ಇನ್ನೊಂದ್ಸಲ ಹೋದ್ರಾಯ್ತು."

ಈ ವರ್ಷ ಅಕ್ಕನ ಫೋನು ಬಂತು. "ಬೇಗ ಬಾರೇ. ಈ ಕಣ್ಣು ಇನ್ನು ಹೆಚ್ಚು ದಿನ ನಡೆಯಲ್ಲ ಅಂದಿದಾರೆ ಡಾಕ್ಟ್ರು. ನೀನು ಎಷ್ಟು ದಪ್ಪ ಆಗಿದೀಯಾ ಅಂತ ಒಂದ್ಸಲ ನೋಡ್ಬಿಟ್ರೆ ನಂಗೆ ಸಾಕು."

ತಂಗಿ ನಕ್ಕಳು. ಫೋನು ಇಟ್ಟಮೇಲೂ ಅದರ ಮೇಲಿನ ಕೈ ತೆಗೆಯದೆ ನಿಂತೇ ಇದ್ದಳು. ಜಿಪ್ಪಣ್ಣನವರು ಅದನ್ನು ಬಾಗಿಲಿನಿಂದ ನೋಡಿದರು. ಮಾರನೆಯ ದಿನ ಅಂಗಡಿಯ ಮುಂದೆ, ಮುಂದಿನ ತಿಂಗಳು ರಜೆ ಎಂಬ ಬೋರ್ಡು ಬಂತು. ಬೀದಿಯವರು ಗಾಬರಿಯಾಗಿ, ಯಾರಿಗೆ ಏನಾಯಿತು ಎಂದು ವಿಚಾರಿಸಿಕೊಂಡು ಹೋದರು.

ಹೊರಡುವುದು ಖಚಿತವಾದ ಮೇಲೆ ಬಂದವನು ಹೆಂಡತಿಯ ತಮ್ಮ. ವಿಮೆ ಮಾಡಿಸುವುದು ಅವನ ವೃತ್ತಿ. ಕಂಪನಿಯ ಖರ್ಚಿನಲ್ಲಿ ಒಮ್ಮೆ ವಿದೇಶಕ್ಕೆ ಹೋಗಿ ಬಂದಿದ್ದ. ಹೋಗಿದ್ದದ್ದು ನಾಲ್ಕು ದಿನ. ಮಾತಾಡಲು ಶುರುಮಾಡಿ ಎಷ್ಟು ವರ್ಷವಾಯಿತೋ. ಅಂದಿನಿಂದ ಅವನಿಗೆ ನೀರು ಕುಡಿದರೂ "ಅಬ್ರಾಡಿನಲ್ಲಿ" ಕುಡಿದ ನೀರು ನೆನಪಾಗುತ್ತದೆ. ಪ್ರವಾಸ ವಿಮೆಯಿಲ್ಲದೆ ಮನೆಯ ಹೊಸಿಲು ದಾಟುವುದೂ ಅಪಾಯ ಎಂದು ಆತ ಒಂದು ಮಧ್ಯಾಹ್ನವಿಡೀ ವಿವರಿಸಿದ. ಆಸ್ಪತ್ರೆ ಸೇರಿದರೆ ಇಷ್ಟು, ವಿಮಾನ ತಡವಾದರೆ ಇಷ್ಟು, ಪಾಸ್‌ಪೋರ್ಟ್ ಕಳೆದರೆ ಇಷ್ಟು. ಅಲ್ಲೇ ಸತ್ತರೆ ದೇಹವನ್ನು ಊರಿಗೆ ತರುವ ಖರ್ಚೂ ಸೇರಿದೆ ಎಂದು, ಅಂಗಡಿಯವನು ಕೊಸರು ಕೊಡುವವನಂತೆ ಹೇಳಿದ.

"ಅದು ಬೇಡ ಬಿಡೋ. ನಿಮ್ಮ ಭಾವನ್ನ ಇಲ್ಲಿಂದ ಎಬ್ಬಿಸೋದೇ ಕಷ್ಟ, ವಾಪಸ್ ತರೋ ಮಾತು ಆಮೇಲೆ" ಎಂದಳು ಜಿಪ್ಪಣ್ಣನವರ ಹೆಂಡತಿ.

ಜಿಪ್ಪಣ್ಣನವರಿಗೆ ಒಂದೇ ವಿಷಯ ಬೇಕಿತ್ತು. ಪೆಟ್ಟಿಗೆಯ ಚಕ್ರ ಮುರಿದರೆ? ಬಳಕೆಯ ಸವೆತಕ್ಕೆ ಪರಿಹಾರವಿಲ್ಲ ಎಂದ ಭಾವಮೈದುನ. ಜಿಪ್ಪು ಕಿತ್ತರೆ? ಅದೂ ಸವೆತವೇ. ಪೆಟ್ಟಿಗೆಗೆ ಬರುವ ಕಾಯಿಲೆಗಳನ್ನೆಲ್ಲ ಬಿಟ್ಟು ಇದೆಂಥ ವಿಮೆ ಎಂದು ಜಿಪ್ಪಣ್ಣನವರು ಮುಖ ಆ ಕಡೆ ತಿರುಗಿಸಿ ಕೂತರು. ಆಗಲೇ ಇರುವ ಕಾಯಿಲೆಗಳನ್ನು ಮಾತ್ರ ಮುಚ್ಚಿಡಬಾರದು, ಮುಚ್ಚಿಟ್ಟರೆ ಆಮೇಲೆ ಏನೂ ಸಿಗುವುದಿಲ್ಲ ಎಂದು ಆತ ಗಂಭೀರವಾಗಿ ಪೆನ್ನು ತೆಗೆದ. ರಕ್ತದೊತ್ತಡ ಎಂದರು ಜಿಪ್ಪಣ್ಣನವರು. ಬೇರೆ?

"ಹಠ ಅಂತ ಬರ್ಕೋ" ಎಂದಳು ಹೆಂಡತಿ, ಕೈಯಲ್ಲಿದ್ದ ಹೆಣಿಗೆಯಿಂದ ಕಣ್ಣೆತ್ತದೆ. "ಮದುವೆಗೆ ಮುಂಚಿಂದಲೂ ಇದೆ."

ಅವಳು ಹೆಣೆಯುತ್ತಿದ್ದದ್ದು ಅಕ್ಕನಿಗೊಂದು ಸ್ವೆಟರು. ಕಡುಗೆಂಪು. ಮಂಜಾದ ಕಣ್ಣಿಗೂ ಅದು ಕಾಣಲೇಬೇಕು ಎಂದು ಉಣ್ಣೆಯಂಗಡಿಯಲ್ಲಿ ಅದಕ್ಕಿಂತ ಕೆಂಪು ಇದೆಯೇ ಎಂದು ಕೇಳಿ ಕೇಳಿ ಆರಿಸಿದ್ದಳು.

ಪೆಟ್ಟಿಗೆಯ ಆಯ್ಕೆ ಮಾತ್ರ ಜಿಪ್ಪಣ್ಣನವರದು. ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟು, ಅಷ್ಟರಲ್ಲಿ ಹೊಸದನ್ನು ಕೊಂಡು, ನಿಮಗೇ ಇರಲಿ ಎಂದು ಬಿಟ್ಟುಹೋದ ಎರಡು ನೀಲಿ ಸೂಟ್‌ಕೇಸುಗಳಿದ್ದವು, ಅವಳಿ ಮಕ್ಕಳ ಹಾಗೆ. ಒಂದರಲ್ಲಿ ಗಂಡಹೆಂಡಿರ ಬಟ್ಟೆ ತುಂಬಿದ್ದಾಯಿತು. ಇನ್ನೊಂದು, ಹೊರಡುವ ಗಳಿಗೆಯಲ್ಲಿ ಮೊದಲನೆಯದು ಕೈಕೊಟ್ಟರೆ ಇರಲಿ ಎಂದು. ಇರಲಿ ಎಂದಮೇಲೆ ಪರೀಕ್ಷೆಯಾಗದೆ ಆಗುತ್ತದೆಯೇ? ಅದರೊಳಗೆ ಇಟ್ಟಿಗೆ, ಬೀಗ, ಇಸ್ತ್ರಿಪೆಟ್ಟಿಗೆ ಸೇರಿದವು. ಹೊರಡುವ ದಿನ ಬೆಳಿಗ್ಗೆಯೂ ಅದು ಔಷಧಿ ಅಂಗಡಿಯವರೆಗೆ ಹೋಗಿ ಬಂದು, ಬಾಗಿಲ ಪಕ್ಕದಲ್ಲಿ ತನ್ನ ಜೋಡಿಯ ಜೊತೆ ನಿಂತಿತು.

ಕಾರು ತಂದವನು ಭಾವಮೈದುನ. ಜಿಪ್ಪಣ್ಣನವರು ಪೆಟ್ಟಿಗೆಗೆ ಕೈಹಾಕಿದರೆ ತಡೆದ. ವಿಮೆ ಜಾರಿಯಾಗುವುದು ವಿಮಾನ ಹೊರಟ ಮೇಲೆ, ಅಲ್ಲಿಯವರೆಗೆ ಭಾವ ಸೊಂಟ ಉಳುಕಿಸಿಕೊಂಡರೆ ಕಂಪನಿಗೆ ಸಂಬಂಧವಿಲ್ಲ ಎಂದು ತಾನೇ ಎತ್ತಿ ಕಾರಿಗಿಟ್ಟ, ತಾನೇ ಇಳಿಸಿದ, ತಾನೇ ತಳ್ಳುಗಾಡಿಗೆ ಏರಿಸಿದ. ಬಾಗಿಲಿನಾಚೆ ಅವನಿಗೆ ಪ್ರವೇಶವಿರಲಿಲ್ಲ. ವಿಮಾನ ಹತ್ತುವವರೆಗೆ ಹೊರಗೇ ಇರುತ್ತೇನೆ, ಏನಿದ್ದರೂ ಫೋನು ಮಾಡಿ ಎಂದು, ಯುದ್ಧಕ್ಕೆ ಕಳಿಸುವವನ ಹಾಗೆ ಕೈಬೀಸಿದ.

ಒಳಗೆ, ಸಾಮಾನು ತಪಾಸಣೆಯ ಯಂತ್ರದ ಪಟ್ಟಿಯ ಮೇಲಿಡಲು ಜಿಪ್ಪಣ್ಣನವರು ಮನೆ ಬಿಟ್ಟ ಮೇಲೆ ಮೊದಲ ಬಾರಿಗೆ ಪೆಟ್ಟಿಗೆಯ ಹಿಡಿಕೆ ಹಿಡಿದರು. ಹಿಡಿದ ಕೂಡಲೇ ತಿಳಿಯಿತು. ಆದರೆ ಹಿಂದಿನವರು ತಳ್ಳುತ್ತಿದ್ದರು. ಪೆಟ್ಟಿಗೆ ಒಳಗೆ ಹೋಯಿತು. ಆಚೆ ಬದಿಯ ಸಿಬ್ಬಂದಿ ಅದನ್ನು ತೆಗೆಸಿ, ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಇದೇನು ಎಂದು ಕೇಳಿದ. ಇಟ್ಟಿಗೆ ಎಂದರು ಜಿಪ್ಪಣ್ಣನವರು. ಯಾಕೆ? ತೂಕಕ್ಕೆ. ಆತ ಇಬ್ಬರ ಮುಖವನ್ನೂ ನೋಡಿ, ಇಟ್ಟಿಗೆಯನ್ನು ನಿಧಾನವಾಗಿ ಒಳಗಿಟ್ಟು, ಇವನ್ನು ಕೊಂಡೊಯ್ಯುವಂತಿಲ್ಲ ಎಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ.

ಮನೆಗೆ ಹೋಗಿ ಬರುವಷ್ಟು ಹೊತ್ತು ಇರಲಿಲ್ಲ. ಜಿಪ್ಪಣ್ಣನವರು ಫೋನು ಮಾಡಿದರು. ಪೆಟ್ಟಿಗೆ ಕಳೆದುಹೋದರೆ ಪರಿಹಾರವಿದೆ, ತಡವಾಗಿ ಬಂದರೂ ಇದೆ, ಮನೆಯಲ್ಲೇ ಉಳಿದರೆ ಮಾತ್ರ ಯಾವ ಕಂಪನಿಯಲ್ಲೂ ಇಲ್ಲ ಎಂದು ಭಾವಮೈದುನ ಒಂದೇ ಉಸಿರಿಗೆ ಹೇಳಿದ. ಎತ್ತಿದ್ದು ಯಾರು ಎಂಬ ವಿಷಯಕ್ಕೆ ಹೋಗಲಿಲ್ಲ. ಆಮೇಲೆ ದೊಡ್ಡ ದನಿಯಲ್ಲಿ ಸಮಾಧಾನ ಹೇಳಿದ: "ಬಟ್ಟೆ ಇಲ್ದೆ ಅಬ್ರಾಡಿಗೆ ಯಾರಾದ್ರೂ ಹೋಗ್ತಾರಾ ಭಾವ? ವಾಪಸ್ ಬನ್ನಿ. ಇನ್ನೊಂದ್ಸಲ ಹೋದ್ರಾಯ್ತು."

ಪಕ್ಕದಲ್ಲಿದ್ದ ಹೆಂಡತಿಗೂ ಅದು ಕೇಳಿಸಿತು. ಅವಳು ತಳ್ಳುಗಾಡಿಯ ಅಂಚಿನ ಮೇಲೆ ಕೂತು, ಹೊದ್ದಿದ್ದ ಶಾಲು ತೆಗೆದು ಮಡಿಸತೊಡಗಿದಳು. ಮನೆಗೆ ವಾಪಸ್ ಹೋಗಿ ಬೀರುವಿನಲ್ಲಿಡುವ ಹಾಗೆ, ಅಂಚಿಗೆ ಅಂಚು ಕೂಡಿಸಿ.

ತಮ್ಮದೇ ಮಾತು ಇನ್ನೊಬ್ಬರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಜಿಪ್ಪಣ್ಣನವರಿಗೆ ಅಂದೇ ಗೊತ್ತಾದದ್ದು. ಫೋನನ್ನು ಜೇಬಿಗಿಟ್ಟು ಬಹಳ ಮೆಲ್ಲಗೆ ಕೇಳಿದರು, "ಆ ಸ್ವೆಟರು?"

ಅವಳು ಕೈಚೀಲದ ಬಾಯಿ ಸ್ವಲ್ಪ ತೆರೆದಳು. ಕೆಂಪು ಇಣುಕಿತು.

"ಪೆಟ್ಟಿಗೇಲಿ ಇಡು ಅಂದಿದ್ನಲ್ಲ."

"ಇಷ್ಟು ವರ್ಷ ಒಡೆದ ಪೆಟ್ಟಿಗೆಗಳ ಜೊತೆ ಸಂಸಾರ ಮಾಡಿದೀನಿ. ನಂಬ್ತೀನಾ ರೀ? ನಿಮ್ಮ ಮಾತ್ರೆನೂ ಇದರಲ್ಲೇ ಇದೆ."

ಜಿಪ್ಪಣ್ಣನವರು ಮಡಿಸಿದ ಶಾಲನ್ನು ಅವಳ ಕೈಯಿಂದ ತೆಗೆದುಕೊಂಡು, ಬಿಚ್ಚಿ, ಹೆಗಲಿಗೆ ಹೊದಿಸಿದರು. ಬೀದಿಯಲ್ಲಿ ನಾವ್ಯಾರೂ ಅವರು ಅಷ್ಟು ಉದ್ದ ಮಾತಾಡಿದ್ದು ಕೇಳಿದವರಲ್ಲ. ಅವಳೇ ಆಮೇಲೆ ಹೇಳಿದ್ದು.

"ಏಳು. ಊರವರ ಬಟ್ಟೆಬರೆ ಎಲ್ಲ ದೇಶಾನೂ ನೋಡ್ಕೊಂಡು ಬಂತು, ನಾವು ಮನೇಲಿದ್ವಿ. ಈ ಸಲ ಬಟ್ಟೆ ಮನೇಲಿರ್ಲಿ, ನಾವು ಹೋಗೋಣ."

ಇಟ್ಟಿಗೆಯ ಪೆಟ್ಟಿಗೆಯನ್ನು ಬಾಗಿಲಲ್ಲಿ ಪಡೆದುಕೊಂಡು ಬೀದಿಗೆ ತಂದವನು ಭಾವಮೈದುನ. ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಸ್ವಂತ ಸೊಂಟಕ್ಕೆ ತಾನೇ ವಿಮೆ ಮಾಡಿಸಿರಲಿಲ್ಲವೆಂದು ತಿಳಿದು ಔಷಧಿ ಅಂಗಡಿಯವರು ಮುಲಾಮನ್ನು ಸ್ವಲ್ಪ ಹೆಚ್ಚೇ ಗೌರವದಿಂದ ಕೊಟ್ಟರು.

ಆ ವಾರ ಒಂದು ಫೋಟೋ ಬಂತು. ಹಿಮ ಬಿದ್ದ ಅಂಗಳ. ಜಿಪ್ಪಣ್ಣನವರು ಷಡ್ಡಕನ ಕೋಟಿನೊಳಗೆ ಇದ್ದಾರೆ. ತೋಳು ಬೆರಳನ್ನೂ ದಾಟಿ ಇಳಿದಿದೆ. ನಡುವೆ ಕಡುಗೆಂಪು ಸ್ವೆಟರಿನ ದೊಡ್ಡಕ್ಕ. ಕ್ಯಾಮೆರಾ ಎಲ್ಲಿದೆಯೆಂದು ಆಕೆಗೆ ತಿಳಿದಂತಿಲ್ಲ, ತಿಳಿಯುವ ಆತುರವೂ ಇಲ್ಲ. ಮುಖವನ್ನು ತಂಗಿಯ ಮುಖಕ್ಕೆ ಮೂಗು ತಾಗುವಷ್ಟು ಹತ್ತಿರ ತಂದು, ಎಷ್ಟು ದಪ್ಪವಾಗಿದ್ದಾಳೆಂದು ನೋಡುತ್ತಿದ್ದಾರೆ. ಎಳೆಯಲು ಏನೂ ಇಲ್ಲದ ಕೈಗಳನ್ನು ಏನು ಮಾಡುವುದೆಂದು ತೋಚದೆ ಜಿಪ್ಪಣ್ಣನವರು ಒಂದನ್ನು ಜೇಬಿನಲ್ಲಿಟ್ಟಿದ್ದಾರೆ. ಇನ್ನೊಂದನ್ನು ದೊಡ್ಡಕ್ಕ ಬಿಗಿಯಾಗಿ ಹಿಡಿದುಕೊಂಡಿದ್ದಾರೆ.